ಫರಕ್ಕಾದ ದಾರಿಯಲ್ಲಿ ನಿಂತುಹೋದ 13 ಬಾರ್ಜ್‌ಗಳು

2016ರ ಮಾರ್ಚ್ 11. ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯ ಫರಕ್ಕಾ. ಅಲ್ಲಿ ಸರ್ಕಾರಿ ವಿದ್ಯುತ್ ಕಂಪನಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರದ ಎಂಜಿನಿಯರುಗಳು ತಮಗೆ ನೀರು ಕೊಡುವ ಕಾಲುವೆಯ ಮಟ್ಟ ನೋಡಿ ಗಾಬರಿಯಾದರು. ನೀರು ಬೇಗ ಬೇಗ ಇಳಿಯುತ್ತಿತ್ತು. ಮರುದಿನ ಉತ್ಪಾದನೆಯನ್ನೇ ನಿಲ್ಲಿಸಬೇಕಾಯಿತು. ಹಲವು ರಾಜ್ಯಗಳಿಗೆ ಕರೆಂಟು ಕೊಡುವ 2100 ಮೆಗಾವ್ಯಾಟ್ ಸ್ಥಾವರ 10 ದಿನ ತಣ್ಣಗೆ ಕೂತಿತು. ಅದರ 30 ವರ್ಷದ ಚರಿತ್ರೆಯಲ್ಲಿ ಹೀಗೆ ಆಗಿದ್ದು ಅದೇ ಮೊದಲು.

ಅದೇ ದಿನಗಳಲ್ಲಿ, ಅದೇ ಸ್ಥಾವರಕ್ಕೆ ಬರುವ ನೀರಿನ ದಾರಿಯಲ್ಲಿ, 13 ಬಾರ್ಜ್‌ಗಳು ನಡುನೀರಲ್ಲಿ ಸಿಕ್ಕಿಕೊಂಡಿದ್ದವು. ಬಾರ್ಜ್ ಅಂದರೆ ಸರಕು ಹೊರುವ ಚಪ್ಪಟೆ ತಳದ ದೋಣಿ. ಎಲ್ಲದರಲ್ಲೂ ಕಲ್ಲಿದ್ದಲು. ಹೊರದೇಶದಿಂದ ಹಡಗಿನಲ್ಲಿ ಬಂದು, ಸಮುದ್ರದಲ್ಲೇ ಬಾರ್ಜಿಗೆ ಇಳಿದು, ನದಿಯಲ್ಲಿ ನೂರಾರು ಕಿಲೋಮೀಟರ್ ಹತ್ತಿ ಬಂದ ಸರಕು ಅದು. ಸ್ಥಾವರದ ಜೆಟ್ಟಿ, ಅಂದರೆ ಸರಕು ಇಳಿಸುವ ಕಟ್ಟೆ, ಮುಟ್ಟುವ ಮೊದಲೇ ತಳದಲ್ಲಿ ನೀರೇ ಸಾಕಾಗಲಿಲ್ಲ.

ಸ್ಥಾವರ ನಿಂತಿದ್ದು ಕಲ್ಲಿದ್ದಲು ಇಲ್ಲದೆ ಅಲ್ಲ, ನೀರಿಲ್ಲದೆ. ಬಾರ್ಜ್ ನಿಂತಿದ್ದೂ ನೀರಿಲ್ಲದೆ. ಈ ಎರಡು ಸುದ್ದಿಗಳನ್ನು ಬೇರೆ ಬೇರೆಯಾಗಿ ಓದಿದರೆ ಎರಡು ತೊಂದರೆಗಳು ಅನ್ನಿಸುತ್ತದೆ. ಒಟ್ಟಿಗೆ ಓದಿದಾಗ ಇಡೀ ಏರ್ಪಾಟಿನಲ್ಲಿದ್ದ ತಪ್ಪು ಎದ್ದು ಕಾಣುತ್ತದೆ. ಈ ಬರಹ ಆ ತಪ್ಪಿನ ಬಗ್ಗೆ.

ಜಾಗದ ಪರಿಚಯ

ಬೆಂಗಳೂರಿನಿಂದ ಗುವಾಹಟಿಗೆ ಹೋಗುವ ರೈಲು ಫರಕ್ಕಾ ಬ್ಯಾರೇಜಿನ ಮೇಲೇ ಗಂಗೆಯನ್ನು ದಾಟುತ್ತದೆ. ಬೆಂಗಳೂರಿನ ಹೋಟೆಲು, ಅಪಾರ್ಟ್‌ಮೆಂಟುಗಳಲ್ಲಿ ದುಡಿಯುವ ಎಷ್ಟೋ ಅಸ್ಸಾಮಿ ಹುಡುಗರಿಗೆ ಇದು ಊರಿಗೆ ಹೋಗುವ ದಾರಿ. ಬ್ಯಾರೇಜಿನ ಉದ್ದ ಎರಡು ಕಾಲು ಕಿಲೋಮೀಟರ್ ಹತ್ತಿರ. ಗೇಟುಗಳೇ ನೂರಕ್ಕಿಂತ ಜಾಸ್ತಿ. ರೈಲು ಅದನ್ನು ನಿಧಾನಕ್ಕೆ ದಾಟುವಾಗ ಕಿಟಕಿಯಿಂದ ನೋಡಿದರೆ, ನದಿಯೊಂದನ್ನು ಮನುಷ್ಯ ಎಷ್ಟು ದೊಡ್ಡದಾಗಿ ತಿರುಗಿಸಬಲ್ಲ ಅನ್ನುವುದು ಅರ್ಥವಾಗುತ್ತದೆ.

ಬ್ಯಾರೇಜ್ ಕೆಲಸ ಶುರು ಮಾಡಿದ್ದು 1975ರಲ್ಲಿ. ಮುಖ್ಯ ಉದ್ದೇಶ: ಕೋಲ್ಕತ್ತಾ ಬಂದರಿನಲ್ಲಿ ತುಂಬುತ್ತಿದ್ದ ಹೂಳನ್ನು ತೊಳೆಯುವುದು. ಗಂಗೆಯ ಮುಖ್ಯ ಹರಿವು ಬಾಂಗ್ಲಾದೇಶದ ಕಡೆ, ಪದ್ಮಾ ನದಿಯಾಗಿ ಹೋಗುತ್ತದೆ. ಭಾಗೀರಥಿ-ಹೂಗ್ಲಿಗೆ ಬೇಸಿಗೆಯಲ್ಲಿ ನೀರೇ ಸಿಗುತ್ತಿರಲಿಲ್ಲ. ಹಾಗಾಗಿ ಫರಕ್ಕಾದಲ್ಲಿ ಗಂಗೆಯನ್ನು ತಡೆದು, ಸುಮಾರು 38 ಕಿಲೋಮೀಟರ್ ಉದ್ದದ ಫೀಡರ್ ಕಾಲುವೆ ತೋಡಿ, ಭಾಗೀರಥಿಗೆ ನೀರು ಬಿಟ್ಟರು. 40 ಸಾವಿರ ಕ್ಯುಸೆಕ್ ಹರಿಯುವಂತೆ ಕಟ್ಟಿದ ಕಾಲುವೆ ಇದು. ಹೆಸರಿಗೆ ಕಾಲುವೆ, ನೋಡಲು ನದಿಯೇ.

ಎನ್‌ಟಿಪಿಸಿ ಸ್ಥಾವರ ಈ ಕಾಲುವೆಯ ದಡದಲ್ಲಿದೆ. ಮೊದಲ ಘಟಕ ಬಂದಿದ್ದು 1986ರಲ್ಲಿ. ಈಗ 200 ಮೆಗಾವ್ಯಾಟಿನ ಮೂರು, 500ರ ಮೂರು ಘಟಕಗಳಿವೆ. ಹಬೆ ಮಾಡುವುದಕ್ಕೂ ಯಂತ್ರ ತಂಪು ಮಾಡುವುದಕ್ಕೂ ಕಾಲುವೆಯ ನೀರೇ ಬೇಕು.

ಮೊದಲ ದಾರಿ: ಲಾಲ್‌ಮಟಿಯಾದ ರೈಲು

ಸ್ಥಾವರವನ್ನು ಇಲ್ಲೇ ಕಟ್ಟಲು ನೀರು ಒಂದು ಕಾರಣವಾದರೆ ಕಲ್ಲಿದ್ದಲು ಇನ್ನೊಂದು. ಪಕ್ಕದ ಜಾರ್ಖಂಡಿನ ಗೊಡ್ಡಾ ಜಿಲ್ಲೆಯ ಲಾಲ್‌ಮಟಿಯಾದಲ್ಲಿ ರಾಜಮಹಲ್ ತೆರೆದ ಗಣಿ ಇದೆ. ಅದು ಈಸ್ಟರ್ನ್ ಕೋಲ್‌ಫೀಲ್ಡ್ಸ್ ಕಂಪನಿಯದು. ಗಣಿಯಿಂದ ಸ್ಥಾವರಕ್ಕೆ ಸುಮಾರು 85 ಕಿಲೋಮೀಟರ್. ಎನ್‌ಟಿಪಿಸಿ ಇದಕ್ಕಾಗಿ ತನ್ನದೇ ರೈಲು ಮಾರ್ಗ ಹಾಕಿಕೊಂಡಿದೆ. ಮೆರಿ-ಗೋ-ರೌಂಡ್ ಅಂತ ಅದರ ಹೆಸರು. ಜಾತ್ರೆಯ ತಿರುಗುವ ಕುದುರೆ ನೆನಪಿದೆ ಅಲ್ವಾ? ಅದೇ ಲೆಕ್ಕ. ರೈಲು ಸುತ್ತುತ್ತಲೇ ಇರುತ್ತದೆ. ಗಣಿಯಲ್ಲಿ ಒಡೆದ ಕಲ್ಲಿದ್ದಲು ಬೆಲ್ಟ್ ಮೇಲೆ ಸೈಲೋ ಎಂಬ ಎತ್ತರದ ದಾಸ್ತಾನು ಗೋಪುರಕ್ಕೆ ಹೋಗುತ್ತದೆ. ಖಾಲಿ ರೈಲು ಸೈಲೋ ಕೆಳಗೆ ಆಮೆನಡಿಗೆಯಲ್ಲಿ ಸಾಗುತ್ತದೆ, ಮೇಲಿಂದ ಕಲ್ಲಿದ್ದಲು ಸುರಿಯುತ್ತದೆ. ಫರಕ್ಕಾ ಮುಟ್ಟಿದ ಮೇಲೆ ವ್ಯಾಗನ್ನಿನ ತಳದ ಬಾಗಿಲು ಗಾಳಿಯ ಒತ್ತಡದಿಂದ ತೆರೆದುಕೊಳ್ಳುತ್ತದೆ. ಹಳಿಯ ಕೆಳಗಿನ ಗುಂಡಿಗೆ ಕಲ್ಲಿದ್ದಲು ಬೀಳುತ್ತದೆ. ಅಲ್ಲಿಂದ ಮತ್ತೆ ಬೆಲ್ಟ್. ಯಾರೂ ಸಲಿಕೆ ಹಿಡಿಯಬೇಕಿಲ್ಲ.

ನನ್ನ ಮಟ್ಟಿಗೆ ಇದು ದೇಶದ ಒಳ್ಳೆಯ ಏರ್ಪಾಟುಗಳಲ್ಲಿ ಒಂದು. ಆದರೆ ಎಲ್ಲ ಮೊಟ್ಟೆಯೂ ಒಂದು ಗಣಿ, ಒಂದು ಹಳಿಯ ಮೇಲೆ. ಸ್ಥಾವರ ಪೂರ್ತಿ ಓಡಿದರೆ ದಿನಕ್ಕೆ ಹೆಚ್ಚೂಕಡಿಮೆ 30 ಸಾವಿರ ಟನ್ ಕಲ್ಲಿದ್ದಲು ತಿನ್ನುತ್ತದೆ.  ಅದಕ್ಕೆ ದಿನಕ್ಕೆ ಹಲವು ರೈಲು ತಪ್ಪದೆ ಬರಬೇಕು. ಅದೇ ಗಣಿ ಭಾಗಲ್‌ಪುರದ ಹತ್ತಿರದ ಕಹಲ್‌ಗಾಂವ್ ಸ್ಥಾವರಕ್ಕೂ ಕೊಡಬೇಕು. ಗಣಿ ಮುಂದಕ್ಕೆ ಬೆಳೆಯಬೇಕಾದರೆ ಹಳ್ಳಿಗಳ ಜಮೀನು ಬೇಕು. ಜಮೀನು ಕೊಡಲು ಜನ ಹಿಂಜರಿದರೆ ಅದು ಅವರ ತಪ್ಪೂ ಅಲ್ಲ.

ಎರಡನೇ ದಾರಿ: ನದಿ

2010ರ ಸುಮಾರಿಗೆ ದೇಶದಲ್ಲಿ ಕಲ್ಲಿದ್ದಲಿಗೆ ತುಂಬಾ ಬರ. ಸ್ಥಾವರಗಳಿಗೆ ಹೊರದೇಶದಿಂದ ತರಿಸಿಕೊಳ್ಳಿ ಅಂತ ಹೇಳುತ್ತಿದ್ದ ಕಾಲ. ತರಿಸಿದ್ದನ್ನು ಬಂದರಿನಿಂದ ಒಯ್ಯಲು ರೈಲು ಸಿಗುತ್ತಿರಲಿಲ್ಲ. ಇತ್ತ ಗಂಗೆಯಲ್ಲಿ ಹಲ್ದಿಯಾದಿಂದ ಅಲಹಾಬಾದಿನವರೆಗೆ 1620 ಕಿಲೋಮೀಟರ್ ಉದ್ದದ ರಾಷ್ಟ್ರೀಯ ಜಲಮಾರ್ಗ-1 ಇತ್ತು. 1986ರಲ್ಲಿ ಘೋಷಣೆಯಾದರೂ ದೊಡ್ಡ ಸರಕು ಅದರ ಮೇಲೆ ಓಡಾಡಿದ್ದು ಕಡಿಮೆ. ಹಲ್ದಿಯಾದಿಂದ ಫರಕ್ಕಾಕ್ಕೆ 560 ಕಿಲೋಮೀಟರ್. ಸ್ಥಾವರ ನೀರಿನ ಪಕ್ಕದಲ್ಲೇ ಇದೆ. ಬಾರ್ಜಿನಲ್ಲಿ ತಂದರೆ ಹೇಗೆ?

2011ರಲ್ಲಿ ಮೂವರ ನಡುವೆ ಒಪ್ಪಂದವಾಯಿತು. ಒಳನಾಡು ಜಲಮಾರ್ಗ ಪ್ರಾಧಿಕಾರ ಆಳ ಕಾಯ್ದುಕೊಡಬೇಕು. ಎನ್‌ಟಿಪಿಸಿ ಸರಕು ಕೊಡಬೇಕು. ಜಿಂದಾಲ್ ಐಟಿಎಫ್ ಕಂಪನಿ ತನ್ನ ದುಡ್ಡಿನಲ್ಲಿ ಬಾರ್ಜು, ಜೆಟ್ಟಿ, ಕನ್ವೇಯರ್ ಎಲ್ಲ ಕಟ್ಟಿ ಸಾಗಿಸಬೇಕು. ವರ್ಷಕ್ಕೆ 30 ಲಕ್ಷ ಟನ್, ಏಳು ವರ್ಷ. 2013ರಲ್ಲಿ ಬಾರ್ಜುಗಳು ಓಡತೊಡಗಿದವು.

ನೀರಿನ ದಾರಿಗೆ ಯಾಕೆ ಇಷ್ಟು ಆಸೆ ಅಂದರೆ, ಲೆಕ್ಕ ಹಾಗಿದೆ. ಒಂದು ಅಶ್ವಶಕ್ತಿ ರಸ್ತೆಯಲ್ಲಿ 150 ಕೆಜಿ ಎಳೆಯುತ್ತದೆ, ಹಳಿಯಲ್ಲಿ 500 ಕೆಜಿ, ನೀರಿನಲ್ಲಿ 4000 ಕೆಜಿ. ಜಲಸಾರಿಗೆಯವರು ಯಾವಾಗಲೂ ಹೇಳುವ ಲೆಕ್ಕ ಇದು. ಆದರೆ ಒಂದು ಷರತ್ತು ಇದೆ. ನೀರು ಇರಬೇಕು.

ಸಮುದ್ರದ ಕಡೆಯಿಂದ ನೋಡೋಣ. 70 ಸಾವಿರ ಟನ್ ಹೊತ್ತ ಹಡಗು ನಿಲ್ಲಲು ಸುಮಾರು 13 ಮೀಟರ್ ಆಳ ಬೇಕು. ಹೂಗ್ಲಿಯ ಬಾಯಲ್ಲಿರುವ ಹಲ್ದಿಯಾಗೆ ಅಷ್ಟು ಆಳ ಇಲ್ಲ. ಅದಕ್ಕೇ ದೊಡ್ಡ ಹಡಗು ಹೊರಗೆ, ಸ್ಯಾಂಡ್‌ಹೆಡ್ಸ್ ಎಂಬ ಕಡೆ ಸಮುದ್ರದಲ್ಲೇ ನಿಲ್ಲುತ್ತದೆ. ಅದರ ಪಕ್ಕ ಇನ್ನೊಂದು ಹಡಗು ಬಂದು ನಿಲ್ಲುತ್ತದೆ. ಅದರ ಮೇಲೆ ಕ್ರೇನುಗಳು, ಬೆಲ್ಟುಗಳು. ಗ್ರ್ಯಾಬ್ ಬಕೆಟ್ ಒಂದು ಬಾಯಿ ತುಂಬ ಕಲ್ಲಿದ್ದಲು ಎತ್ತಿ ಹಾಪರ್ ಎಂಬ ಆಲಿಕೆಯಂಥ ತೊಟ್ಟಿಗೆ ಸುರಿದರೆ, ಅದು ಬೆಲ್ಟ್ ಮೇಲೆ ಸಾಗಿ ಬಾರ್ಜಿನ ಹೊಟ್ಟೆಗೆ ಬೀಳುತ್ತದೆ. ಮಳೆಗಾಲದಲ್ಲಿ ಅಲೆ ಎದ್ದರೆ ಈ ಕೆಲಸ ಕಷ್ಟ. ಹಡಗು ಒಂದು ಲಯದಲ್ಲಿ ತೂಗುತ್ತದೆ, ಬಾರ್ಜ್ ಇನ್ನೊಂದು ಲಯದಲ್ಲಿ.

ಅಲ್ಲಿಂದ ಮೇಲಕ್ಕೆ. ಡೈಮಂಡ್ ಹಾರ್ಬರ್ ದಾಟಿ, ಕೋಲ್ಕತ್ತಾದ ಹೌರಾ ಸೇತುವೆಯ ಕೆಳಗೆ ನುಸುಳಿ, ತ್ರಿವೇಣಿ, ಚೈತನ್ಯರ ನವದ್ವೀಪ, ಕಟ್ವಾ, ಬಹರಾಂಪುರ, ಜಂಗೀಪುರ. ನವದ್ವೀಪದ ಆಸುಪಾಸಿನವರೆಗೆ ಸಮುದ್ರದ ಉಬ್ಬರ ತಲುಪುತ್ತದೆ. ಉಬ್ಬರ ಹಿಡಿದು ಹೊರಟರೆ ಎಣ್ಣೆ ಉಳಿಯುತ್ತದೆ. ಅದರಿಂದ ಮೇಲೆ ನದಿ ಬರೀ ಎದುರು ಹರಿವು, ಮರಳು, ತಿರುವು. ಇದೇ ನೀರಿನಲ್ಲಿ ಮೀನುಗಾರರ ಬಲೆಗಳಿರುತ್ತವೆ, ಉಸಿರಿಗೆ ಮೇಲೆ ಬರುವ ಗಂಗಾ ಡಾಲ್ಫಿನ್ ಇರುತ್ತದೆ. ದೊಡ್ಡ ಬಾರ್ಜ್ ಹೋದಾಗ ಎದ್ದ ಅಲೆ ಚಿಕ್ಕ ದೋಣಿಯವನಿಗೆ ಸಣ್ಣ ವಿಷಯವಲ್ಲ.

ಬಿದಿರಿನ ತಡಿಕೆ

ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ವಸ್ತು ಕ್ರೇನೂ ಅಲ್ಲ, ಬಾರ್ಜೂ ಅಲ್ಲ. ಬಿದಿರಿನ ತಡಿಕೆ. ಅದನ್ನು ಅಲ್ಲಿ ಬಂಡಾಲ್ ಅನ್ನುತ್ತಾರೆ.

ಬೇಸಿಗೆಯಲ್ಲಿ ನದಿ ಹರಡಿಕೊಳ್ಳುತ್ತದೆ. ಅಗಲ ಜಾಸ್ತಿ, ಆಳ ಕಡಿಮೆ. ಬಾರ್ಜಿಗೆ ಬೇಕಾದ್ದು ತದ್ವಿರುದ್ಧ. ಡ್ರೆಜ್ಜರ್ ತಂದು ಮರಳು ತೋಡಬಹುದು, ಆದರೆ ದುಬಾರಿ, ಮತ್ತೆ ನಾಲ್ಕು ದಿನಕ್ಕೆ ಮರಳು ತುಂಬುತ್ತದೆ. ಬಂಡಾಲ್ ಕಟ್ಟುವವರು ದೋಣಿಯಲ್ಲಿ ಬಿದಿರು ತರುತ್ತಾರೆ. ಆಳ ಕಡಿಮೆ ಇರುವ ಕಡೆ ಗಳುಗಳನ್ನು ಮರಳಿಗೆ ಬಡಿದು ನಿಲ್ಲಿಸಿ, ಹಿಂದಿನಿಂದ ಓರೆ ಗಳು ಆನಿಸಿ, ಹಗ್ಗದಲ್ಲಿ ಬಿಗಿಯುತ್ತಾರೆ. ಅದಕ್ಕೆ ಬಿದಿರು ಸೀಳಿ ಹೆಣೆದ ಚಾಪೆಯಂಥ ತಡಿಕೆ ಕಟ್ಟುತ್ತಾರೆ. ತಡಿಕೆ ನೀರಿನ ಮೇಲ್ಭಾಗಕ್ಕೆ ಮಾತ್ರ, ಕೆಳಗೆ ಖಾಲಿ. ಇಡೀ ಸಾಲು ಹರಿವಿಗೆ ಓರೆಯಾಗಿ ನಿಂತಿರುತ್ತದೆ.

ನದಿಯ ಮೇಲ್ಭಾಗದ ನೀರು ಚುರುಕು, ಅದರಲ್ಲಿ ಮರಳು ಕಡಿಮೆ. ತಳದ ನೀರು ನಿಧಾನ, ಮರಳು ಹೊತ್ತಿರುತ್ತದೆ. ತಡಿಕೆ ಚುರುಕಿನ ನೀರನ್ನು ತಿರುಗಿಸಿ ನಡುದಾರಿಗೆ ತಳ್ಳುತ್ತದೆ. ತಳದ ನೀರು ತಡಿಕೆಯ ಕೆಳಗೆ ನುಗ್ಗಿ, ಹಿಂದೆ ಹೋಗಿ, ಸುಸ್ತಾಗಿ ಮರಳು ಇಳಿಸುತ್ತದೆ. ಕೆಲವೇ ದಿನದಲ್ಲಿ ತಡಿಕೆ ಹಿಂದೆ ದಿಬ್ಬ, ಮುಂದೆ ಆಳ. ನದಿಯ ಕೈಯಲ್ಲೇ ನದಿಯನ್ನು ತೋಡಿಸುವ ಕೆಲಸ. ಪ್ರವಾಹ ಬಂದರೆ ಎಲ್ಲ ಕೊಚ್ಚಿಹೋಗುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ಕಟ್ಟುತ್ತಾರೆ. ಕೋಟಿಗಟ್ಟಲೆಯ ಸರಕು ಸಾಗುವುದು ಕೂಲಿಯವರು ಎದೆಮಟ್ಟ ನೀರಲ್ಲಿ ನಿಂತು ಕಟ್ಟಿದ ತಡಿಕೆಯ ಪುಣ್ಯದಿಂದ.

ಆಳ ಎಷ್ಟು ದುಡ್ಡು ಅನ್ನುವುದಕ್ಕೆ ಒಂದು ಲೆಕ್ಕ. ಸುಮಾರು 75 ಮೀಟರ್ ಉದ್ದ, 14 ಮೀಟರ್ ಅಗಲದ ಬಾರ್ಜ್ ಅಂದುಕೊಳ್ಳಿ. ಒಂದು ಸೆಂಟಿಮೀಟರ್ ಆಳಕ್ಕೆ ಮುಳುಗಲು ಅದು ಸುಮಾರು 9 ಟನ್ ಹೊರಬೇಕು. ನದಿಯಲ್ಲಿ ಒಂದು ಗೇಣು ನೀರು ಕಡಿಮೆಯಾದರೆ 200 ಟನ್ ಬಿಟ್ಟು ಹೋಗಬೇಕಾಗುತ್ತದೆ. ಅಂದರೆ ಮೂರು ರೈಲು ವ್ಯಾಗನ್ನಿನಷ್ಟು ಸರಕು. ಎಣ್ಣೆ ಖರ್ಚು, ಸಿಬ್ಬಂದಿಯ ಸಂಬಳ, ದಿನಗಳು ಹೆಚ್ಚುಕಡಿಮೆ ಅಷ್ಟೇ. ಹಳಿಗೆ ಇಂಥ ಕಾಟ ಇಲ್ಲ.

ಜೆಟ್ಟಿ ಮತ್ತು ಬೆಲ್ಟ್

ಕಾಲುವೆಗೆ ಬಂದ ಬಾರ್ಜನ್ನು ಜೆಟ್ಟಿಗೆ ಕಟ್ಟುತ್ತಾರೆ. ಕ್ರೇನಿನ ಗ್ರ್ಯಾಬ್ ಇಳಿದು ಕಲ್ಲಿದ್ದಲನ್ನು ಕಚ್ಚಿ ಎತ್ತುತ್ತದೆ, ಹಾಪರಿಗೆ ಹಾಕುತ್ತದೆ. ಹಾಪರಿನ ಕೆಳಗೆ ಬೆಲ್ಟ್. ಜೆಟ್ಟಿಯಿಂದ ಸ್ಥಾವರದ ಅಂಗಳದವರೆಗೆ ಈ ಬೆಲ್ಟ್ ಹೋಗುತ್ತದೆ.

ಬೆಲ್ಟ್ ಕನ್ವೇಯರ್ ನೋಡಲು ಸುಮ್ನೆ ಒಂದು ರಬ್ಬರ್ ಪಟ್ಟಿ ಓಡುತ್ತಿದೆ ಅನ್ನಿಸುತ್ತದೆ. ಹತ್ತಿರ ನಿಂತರೆ ಬೇರೆ. ಕೆಳಗಿನ ರೋಲರುಗಳು ಮೂರು ಮೂರರಂತೆ ಜೋಡಿಸಿರುತ್ತವೆ, ನಡುವಿನದು ಅಡ್ಡ, ಪಕ್ಕದ ಎರಡು ಓರೆ. ಅದರಿಂದ ಪಟ್ಟಿ ಬೊಗಸೆಯ ಹಾಗೆ ಆಗಿ ಕಲ್ಲಿದ್ದಲು ಹೊರ ಚೆಲ್ಲುವುದಿಲ್ಲ. ಕಿಲೋಮೀಟರಿಗೆ ಸಾವಿರಾರು ರೋಲರು. ಪ್ರತಿಯೊಂದರಲ್ಲೂ ಬೇರಿಂಗ್. ಹಳೆಯ ಕೆಲಸಗಾರರಿಗೆ ನಡೆಯುತ್ತಾ ಕೇಳಿದರೇ ಗೊತ್ತಾಗುತ್ತದೆ, ಯಾವ ರೋಲರ್ ಕೀರಲು ಹತ್ತಿದೆ ಅಂತ. ಹಿಡಿದುಕೊಂಡ ರೋಲರ್ ತಿರುಗದೆ ಉಜ್ಜಿ ಉಜ್ಜಿ ಕಾಯುತ್ತದೆ, ಅದರ ಮೇಲೆ ಕಲ್ಲಿದ್ದಲ ಪುಡಿ ಕೂತರೆ ಬೆಂಕಿ. ಅದಕ್ಕೇ ಬೆಲ್ಟಿನ ಪಕ್ಕ ಉದ್ದಕ್ಕೂ ಒಂದು ಹಗ್ಗ ಕಟ್ಟಿರುತ್ತಾರೆ. ಎಲ್ಲಿಂದ ಎಳೆದರೂ ಬೆಲ್ಟ್ ನಿಲ್ಲಬೇಕು. ಬೆಲ್ಟಿನ ಬದಿ ನಡೆಯುವ ಮನುಷ್ಯನ ಜೀವ ಆ ಹಗ್ಗದಲ್ಲಿರುತ್ತದೆ.

ಇಂಡೋನೇಷ್ಯಾ ಕಡೆಯ ಕಲ್ಲಿದ್ದಲಿನ ಸ್ವಭಾವವೂ ಬೇರೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯೇ ನೂರಕ್ಕೆ 30-40. ಇಂಡೋನೇಷ್ಯಾದ್ದರಲ್ಲಿ ಬೂದಿ ತೀರಾ ಕಡಿಮೆ, ತೇವ ಜಾಸ್ತಿ. ತೇವದ ಪುಡಿ, ಕಲ್ಲಿದ್ದಲು ಜಾರಿ ಇಳಿಯುವ ಚೂಟಿನಲ್ಲಿ ಅಂಟಿಕೊಂಡು ಕಟ್ಟಿಕೊಳ್ಳುತ್ತದೆ. ಗುಡ್ಡೆ ಹಾಕಿ ಬಹಳ ದಿನ ಬಿಟ್ಟರೆ ಒಳಗೇ ಕಾವು ಹೆಚ್ಚಿ ಹೊಗೆಯಾಡುತ್ತದೆ. ಬಾರ್ಜಿನಲ್ಲಿ ದಿನಗಟ್ಟಲೆ ನಿಂತುಹೋದ ಕಲ್ಲಿದ್ದಲಿಗೂ ಇದೇ ಭಯ.

ಮಾರ್ಚ್ 11ರ ಕ್ಯಾಲೆಂಡರ್

ಈಗ ಆ ದಿನಕ್ಕೆ ವಾಪಸ್ ಬರೋಣ. ಮಾರ್ಚ್ 11 ಅನ್ನುವ ದಿನಾಂಕ ನೋಡಿದಾಗ ನನಗೆ ಎಲ್ಲೋ ಓದಿದ್ದು ನೆನಪಾಯಿತು. ಹುಡುಕಿದರೆ, ಅದು ಗಂಗಾ ನೀರು ಹಂಚಿಕೆ ಒಪ್ಪಂದದಲ್ಲಿರುವ ದಿನಾಂಕ.

1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಭಾರತ-ಬಾಂಗ್ಲಾದೇಶ ಒಪ್ಪಂದಕ್ಕೆ ಸಹಿ ಬಿತ್ತು. ಆ ಕಡೆಯಿಂದ ಶೇಖ್ ಹಸೀನಾ, ಈ ಕಡೆಯಿಂದ ನಮ್ಮ ಎಚ್.ಡಿ. ದೇವೇಗೌಡರು. ಕಾವೇರಿ ಸೀಮೆಯ ರೈತ ಕುಟುಂಬದಿಂದ ಬಂದವರು ಗಂಗೆಯ ನೀರು ಹಂಚಿದರು. ಎರಡು ದಶಕದಿಂದ ಎಳೆದಾಡುತ್ತಿದ್ದ ಜಗಳ ಅದು. ಬಗೆಹರಿಸಿದ್ದು ದೊಡ್ಡ ಕೆಲಸ ಅಂತಲೇ ನಾನು ನಂಬಿದ್ದೇನೆ.

ಒಪ್ಪಂದದ ಪ್ರಕಾರ ಜನವರಿ 1ರಿಂದ ಮೇ 31ರವರೆಗೆ ಫರಕ್ಕಾದಲ್ಲಿ ಹತ್ತತ್ತು ದಿನಕ್ಕೆ ಒಂದು ಲೆಕ್ಕ. ಕಾವೇರಿಯ ಹತ್ತು ದಿನದ ಲೆಕ್ಕ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಬಂದ ನೀರು 70 ಸಾವಿರ ಕ್ಯುಸೆಕ್ ಅಥವಾ ಕಡಿಮೆ ಇದ್ದರೆ ಅರ್ಧ ಅರ್ಧ. 70ರಿಂದ 75 ಸಾವಿರ ಇದ್ದರೆ ಬಾಂಗ್ಲಾಕ್ಕೆ 35 ಸಾವಿರ, ಉಳಿದದ್ದು ನಮಗೆ. ಅದಕ್ಕಿಂತ ಜಾಸ್ತಿ ಇದ್ದರೆ ನಮಗೆ 40 ಸಾವಿರ, ಉಳಿದದ್ದು ಅವರಿಗೆ. ಆದರೆ ಮಾರ್ಚ್ 11ರಿಂದ ಮೇ 10ರವರೆಗೆ, ನೀರು ತೀರಾ ಕಡಿಮೆಯಾಗುವ ಕಾಲದಲ್ಲಿ, ಒಂದು ವಿಶೇಷ ನಿಯಮ. ಹತ್ತು ದಿನ ಒಬ್ಬರಿಗೆ ಖಚಿತವಾಗಿ 35 ಸಾವಿರ, ಮುಂದಿನ ಹತ್ತು ದಿನ ಇನ್ನೊಬ್ಬರಿಗೆ. ಸರದಿಯ ಮೊದಲ ಹತ್ತು ದಿನ, ಮಾರ್ಚ್ 11ರಿಂದ 20, ಬಾಂಗ್ಲಾದೇಶದ್ದು. 21ರಿಂದ ಭಾರತದ್ದು.

ಅಂದರೆ ಆ ಹತ್ತು ದಿನದಲ್ಲಿ ಫರಕ್ಕಾಕ್ಕೆ 60 ಸಾವಿರ ಕ್ಯುಸೆಕ್ ಬಂದರೆ, 35 ಅವರಿಗೆ ಹೋಗಿ ಕಾಲುವೆಗೆ 25 ಸಾವಿರ. 40 ಸಾವಿರಕ್ಕೆ ತೋಡಿದ ಕಾಲುವೆಯಲ್ಲಿ 25 ಸಾವಿರ ಹರಿದರೆ ಮಟ್ಟ ಇಳಿಯಲೇಬೇಕು. 2016ರಲ್ಲಿ ದೇಶ ಸತತ ಎರಡು ವರ್ಷದ ದುರ್ಬಲ ಮಳೆ ಕಂಡಿತ್ತು. ಗಂಗೆಯೂ ಸೊರಗಿತ್ತು.

ಇದಕ್ಕೆ ಒಪ್ಪಂದವನ್ನು ದೂರುವುದು ತಪ್ಪು. ಪದ್ಮಾ ದಡದ ರೈತನೂ ಅದೇ ಹತ್ತು ದಿನಕ್ಕೆ ಕಾದಿರುತ್ತಾನೆ. ಸರದಿಯ ಪಟ್ಟಿ 1996ರಿಂದ ಎಲ್ಲರ ಕೈಯಲ್ಲಿದೆ. ಬಾರ್ಜ್ ಯೋಜನೆ ಮಾಡಿದ್ದು 2011ರಲ್ಲಿ. ವರ್ಷದ ಯಾವ ಹತ್ತು ದಿನ ಕಾಲುವೆ ಸೊರಗಬಹುದು ಅನ್ನುವುದು 15 ವರ್ಷ ಮೊದಲೇ ಕಾಗದದ ಮೇಲಿತ್ತು.

ಎರಡು ಬಾಗಿಲು, ಒಂದೇ ಬೀಗದಕೈ

ಆ ಹತ್ತು ದಿನ ಸ್ಥಾವರದ ಟೌನ್‌ಶಿಪ್ಪಿನಲ್ಲಿ ಏನಾಯಿತು ಅನ್ನುವುದೇ ಎಲ್ಲವನ್ನೂ ಹೇಳುತ್ತದೆ. ಸಾವಿರಕ್ಕೂ ಹೆಚ್ಚು ಕುಟುಂಬಗಳಿರುವ ಬಡಾವಣೆ ಅದು. ನಲ್ಲಿಯಲ್ಲಿ ನೀರು ನಿಂತಿತು. ಬಾಟಲಿ ನೀರು ಹಂಚಿದರು. ಅಡುಗೆಗೆ, ತೊಳೆಯುವುದಕ್ಕೆ ಅಂತ ಅಗ್ನಿಶಾಮಕ ವಾಹನಗಳು ನದಿಗೆ ಓಡಿ ನೀರು ತುಂಬಿಸಿಕೊಂಡು ಬಂದವು. ಗಂಗೆಯ ದಡದಲ್ಲಿ, ದೇಶದ ಅತಿ ದೊಡ್ಡ ಬ್ಯಾರೇಜೊಂದರ ಮಗ್ಗುಲಲ್ಲಿ ಹೀಗೆ. ಮನೆ, ಯಂತ್ರ, ಬಾರ್ಜ್, ಎಲ್ಲದಕ್ಕೂ ಆಧಾರ ಒಂದೇ ಕಾಲುವೆ.

ಎರಡನೇ ದಾರಿ ಬೇಕು ಅನ್ನುವುದರ ಅರ್ಥ ಏನು? ಮೊದಲನೆಯದು ಕೈಕೊಟ್ಟಾಗ ಎರಡನೆಯದು ನಿಲ್ಲಬೇಕು. ಹಳಿಗೆ ತೊಂದರೆಯಾದರೆ ನದಿ ಇದೆ ಅನ್ನುವಷ್ಟರ ಮಟ್ಟಿಗೆ ಫರಕ್ಕಾದ ಯೋಚನೆ ಸರಿ ಇತ್ತು. ಬಿಟ್ಟುಹೋದ ಪ್ರಶ್ನೆ ಇನ್ನೊಂದು: ನದಿಗೆ ತೊಂದರೆಯಾದ ದಿನ ಸ್ಥಾವರದ ಗತಿ ಏನು? ಮನೆಗೆ ಎರಡು ಬಾಗಿಲು ಇಟ್ಟು ಎರಡಕ್ಕೂ ಒಂದೇ ಬೀಗದಕೈ ಮಾಡಿಸಿದಂತೆ ಆಯಿತು. ಬೀಗದಕೈ ಕಳೆದರೆ ಎರಡೂ ತೆರೆಯುವುದಿಲ್ಲ.

ಪ್ರಮಾಣವನ್ನೂ ನೋಡಬೇಕು. ವರ್ಷಕ್ಕೆ 30 ಲಕ್ಷ ಟನ್ ಅಂದರೆ ದಿನಕ್ಕೆ ಸುಮಾರು 8,200 ಟನ್. 2 ಸಾವಿರ ಟನ್ನಿನ ಬಾರ್ಜ್ ಆದರೆ ದಿನಕ್ಕೆ ನಾಲ್ಕು ಬರಬೇಕು, ನಾಲ್ಕು ಖಾಲಿಯಾಗಬೇಕು, ವರ್ಷವಿಡೀ. ಹೋಗಿ ಬರಲು, ತುಂಬಲು, ಇಳಿಸಲು ಒಟ್ಟು ಹತ್ತು ದಿನ ಹಿಡಿದರೆ ನಲವತ್ತು ಬಾರ್ಜ್ ನೀರಲ್ಲಿರಬೇಕು. ನಿಂತುಹೋದ 13 ಬಾರ್ಜುಗಳಲ್ಲಿ ಇದ್ದದ್ದು ಈ ಲೆಕ್ಕದಲ್ಲಿ 26 ಸಾವಿರ ಟನ್. ಸ್ಥಾವರದ ಒಂದು ಪೂರ್ತಿ ದಿನದ ಊಟಕ್ಕೂ ಸಾಲದು. ನೋಡಿದವರಿಗೆ ಸಾಲು ಸಾಲು ಹಡಗು ಕಂಡಿರಬೇಕು. ಬಾಯ್ಲರಿಗೆ ಅದು ಒಂದು ಹೊತ್ತು.

ಹಾಗಂತ ಬಾರ್ಜ್ ಕೆಟ್ಟದ್ದು ಅನ್ನುವವನಲ್ಲ ನಾನು. ಮಳೆಗಾಲದಿಂದ ಫೆಬ್ರುವರಿಯವರೆಗೆ ನದಿಯಲ್ಲಿ ಹೆಚ್ಚು ತಂದು ಅಂಗಳದಲ್ಲಿ ಗುಡ್ಡೆ ಹಾಕಿ, ಮಾರ್ಚ್-ಮೇನಲ್ಲಿ ಹಳಿಯನ್ನು ನೆಚ್ಚಬಹುದಿತ್ತು. ನಮ್ಮ ಹಳ್ಳಿಗಳಲ್ಲಿ ಮಳೆಗಾಲ ಹಿಡಿಯುವ ಮೊದಲೇ ಸೌದೆ ಒಟ್ಟಿಡುವ ಹಾಗೆ. ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಗ ಕಾವೇರುವ ಕಲ್ಲಿದ್ದಲನ್ನು ತಿಂಗಳುಗಟ್ಟಲೆ ಇಡಲಾಗದು ಅನ್ನುವುದು ನಿಜ. ಹಾಗಿದ್ದರೆ ಅದನ್ನು ಮೊದಲು ಉರಿಸಿ, ಲಾಲ್‌ಮಟಿಯಾದ್ದನ್ನು ಒಟ್ಟಬೇಕಿತ್ತು. ವರ್ಷವಿಡೀ ಒಂದೇ ಸಮ ಹರಿಯುವ ಬೆಲ್ಟಿನ ಹಾಗೆ ನದಿಯನ್ನು ಲೆಕ್ಕ ಹಾಕಿದ್ದೇ ಎಡವಟ್ಟು. ಬೆಲ್ಟಿಗೆ ಕರೆಂಟು ಕೊಟ್ಟರೆ ಸಾಕು, ಜನವರಿಯೂ ಜುಲೈಯೂ ಒಂದೇ. ನದಿಗೆ ಹನ್ನೆರಡು ತಿಂಗಳು ಹನ್ನೆರಡು ಮುಖ.

ಆಮೇಲೆ

ಬಾರ್ಜ್ ಗುತ್ತಿಗೆ ಬಹಳ ದಿನ ಸುಖವಾಗಿರಲಿಲ್ಲ. ದೇಶದೊಳಗಿನ ಕಲ್ಲಿದ್ದಲು ಉತ್ಪಾದನೆ ಹೆಚ್ಚಿತು. ಆಮದು ಕಡಿಮೆ ಮಾಡಿ ಅನ್ನುವುದು ಸರ್ಕಾರದ ಮಾತಾಯಿತು. ಬಾರ್ಜಿನ ಇಡೀ ಏರ್ಪಾಟು ನಿಂತಿದ್ದು ಆಮದಿನ ಮೇಲೆ. ಕಂಪನಿ ಮತ್ತು ಎನ್‌ಟಿಪಿಸಿ ನಡುವಿನ ತಕರಾರು ಮಧ್ಯಸ್ಥಿಕೆಗೆ ಹೋಗಿ, ಅಲ್ಲಿಂದ ಕೋರ್ಟಿಗೂ ಹೋಯಿತು. ಅದರ ಒಳಸುಳಿ ಇಲ್ಲಿ ಬೇಡ.

ಹಳಿಯ ದಾರಿಯೂ ನೋವು ಕಂಡಿತು. 2016ರ ಡಿಸೆಂಬರ್ 29ರ ರಾತ್ರಿ ಲಾಲ್‌ಮಟಿಯಾ ಗಣಿಯಲ್ಲಿ ಮಣ್ಣಿನ ರಾಶಿ ಕುಸಿಯಿತು. 20ಕ್ಕೂ ಹೆಚ್ಚು ಕೆಲಸಗಾರರು ಯಂತ್ರಗಳ ಸಮೇತ ಹೂತುಹೋದರು. 2025ರ ಏಪ್ರಿಲ್ 1ರಂದು ಇದೇ ಮೆರಿ-ಗೋ-ರೌಂಡ್ ಹಳಿಯಲ್ಲಿ, ಸಾಹಿಬ್‌ಗಂಜ್ ಜಿಲ್ಲೆಯ ಬರ್ಹೇಟ್ ಬಳಿ ಎರಡು ಗೂಡ್ಸ್ ರೈಲುಗಳು ಎದುರುಬದುರು ಡಿಕ್ಕಿ ಹೊಡೆದವು. ರೈಲು ಓಡಿಸುತ್ತಿದ್ದವರು ಪ್ರಾಣ ಕಳೆದುಕೊಂಡರು. ಟನ್ನು, ಕ್ಯುಸೆಕ್ಕು ಅಂತ ಬರೆಯುವಾಗ ಈ ಜನರನ್ನು ಮರೆಯಬಾರದು. ಗುಂಡಿ ಒತ್ತಿದರೆ ಬೆಳಗುವ ದೀಪದ ಆ ತುದಿಯಲ್ಲಿ ಇರುವವರು ಅವರು.

ನದಿಯ ಆಸೆ ಮಾತ್ರ ಸತ್ತಿಲ್ಲ. ವಿಶ್ವಬ್ಯಾಂಕ್ ನೆರವಿನ ಜಲಮಾರ್ಗ ವಿಕಾಸ ಯೋಜನೆಯಲ್ಲಿ ವಾರಾಣಸಿ, ಸಾಹಿಬ್‌ಗಂಜ್, ಹಲ್ದಿಯಾದಲ್ಲಿ ದೊಡ್ಡ ಟರ್ಮಿನಲ್ಲುಗಳು ಎದ್ದವು. ಸಾಹಿಬ್‌ಗಂಜಿನದು 2019ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಮೊದಲ ಹಂತದಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯ. ಇಲ್ಲಿ ಒಂದು ಸ್ವಾರಸ್ಯ ಇದೆ. ಸಾಹಿಬ್‌ಗಂಜ್ ಇರುವುದು ರಾಜಮಹಲ್ ಬೆಟ್ಟಗಳ ಬುಡದಲ್ಲಿ. ಅದೇ ಲಾಲ್‌ಮಟಿಯಾ ಸೀಮೆಯ ಕಲ್ಲಿದ್ದಲನ್ನು ನದಿಗೆ ಇಳಿಸಿ ಗಂಗೆಯ ದಡದ ಸ್ಥಾವರಗಳಿಗೆ ಒಯ್ಯಬಹುದು ಅನ್ನುವುದು ಅದರ ಹಿಂದಿನ ಲೆಕ್ಕಗಳಲ್ಲಿ ಒಂದು. ಸಮುದ್ರದ ಕಡೆಯಿಂದ ಮೇಲಕ್ಕೆ ತರುವ ಬದಲು ಗಣಿಯ ಕಡೆಯಿಂದಲೇ ತರುವುದು. ದೂರ ಕಡಿಮೆ, ಆಮದಿನ ಹಂಗಿಲ್ಲ. ನನಗೆ ಇದು ಹೆಚ್ಚು ಸರಿ ಅನ್ನಿಸುತ್ತದೆ. ಆದರೆ ಮಾರ್ಚಿನ ಗಂಗೆ ಅಲ್ಲೂ ಅದೇ ಗಂಗೆ.

ಗಂಗಾ ಒಪ್ಪಂದ 30 ವರ್ಷದ್ದು. 2026ರ ಡಿಸೆಂಬರಿಗೆ ಅವಧಿ ಮುಗಿಯುತ್ತದೆ. ಅದರ ಕೊನೆಯಲ್ಲಿ ಒಂದು ಪಟ್ಟಿ ಇದೆ. ಹತ್ತು ದಿನಕ್ಕೆ ಒಂದು ಸಾಲು. ಆ ಹತ್ತು ದಿನದ ಸರಾಸರಿ ಹರಿವು, ಭಾರತದ ಪಾಲು, ಬಾಂಗ್ಲಾದೇಶದ ಪಾಲು. ಮಾರ್ಚ್ 11ರಿಂದ 20ರ ಸಾಲಿನಲ್ಲಿ ಬಾಂಗ್ಲಾದೇಶದ 35,000ದ ಪಕ್ಕ ಒಂದು ನಕ್ಷತ್ರದ ಗುರುತು. ಮುಂದೆ ಈ ಕಾಲುವೆಯಲ್ಲಿ ಬಾರ್ಜ್ ಓಡಿಸುವವರು ತಮ್ಮ ವೇಳಾಪಟ್ಟಿ ಬರೆಯುವ ಮೊದಲು ಆ ಪುಟವನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಳ್ಳಲಿ.